ವಿಮರ್ಶಕಿ, ಹತ್ತನೇ ಕ್ಲಾಸು

ಪುಸ್ತಕ ವಿಮರ್ಶೆಯಲ್ಲಿ ದಾಕ್ಷಿಣ್ಯಕ್ಕೆ ಬಸಿರಾಗುವವರೇ ಹೆಚ್ಚು. ಬರೆದವರು ಪರಿಚಿತರು, ಪ್ರಕಾಶಕರು ಇನ್ನೂ ಪರಿಚಿತರು, ನಾಳೆ ಯಾವುದೋ ಸಮಾರಂಭದ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೇ ಕೂರಬೇಕಾದವರು. ಹಾಗಾಗಿ ಲೇಖಕರಿಂದ ಇನ್ನೂ ಒಳ್ಳೆಯ ಕೃತಿಗಳು ಬರಲಿ ಎಂದು ಹಾರೈಸಿ, ಮುದ್ರಣದೋಷಗಳ ಮೇಲೆ ಒಂದಿಷ್ಟು ಸಿಟ್ಟು ತೀರಿಸಿಕೊಂಡು, ಮುಖಪುಟದ ಕಲಾವಿದರನ್ನು ಅಭಿನಂದಿಸಿ ಕೈತೊಳೆದುಕೊಳ್ಳುವುದು ವಾಡಿಕೆ. ಇಂಥ ಕಾಲದಲ್ಲಿ ಯಾರ ಹಂಗೂ ಇಲ್ಲದ ಒಬ್ಬ ವಿಮರ್ಶಕಿ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ಅಕ್ಕನ ಮಗಳು. ವಯಸ್ಸು ಹದಿನೈದು, ವಾಸ ಮೈಸೂರು, ಉದ್ಯೋಗ ಎಸ್ಸೆಸ್ಸೆಲ್ಸಿ. ಪುಸ್ತಕ ಬರೆದವರು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವುದರಿಂದ ಊಟದ ಪಂಕ್ತಿಯ ಭಯವೂ ಅವಳಿಗಿಲ್ಲ.

ಅವಳ ವಿಮರ್ಶೆಯ ಪದ್ಧತಿ ಸರಳ. ಓದುವಾಗ ಕೈಯಲ್ಲೊಂದು ಮೋಟು ಪೆನ್ಸಿಲು ಇರುತ್ತದೆ. ಕಥೆಯಲ್ಲಿ ಎಲ್ಲಿ ನಂಬಿಕೆ ತಪ್ಪಿತೋ ಆ ಪುಟದ ಸಂಖ್ಯೆಯನ್ನು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದು, ಎದುರಿಗೆ ಕಾರಣ ಹಾಕುತ್ತಾಳೆ. ಒಂದು ಪುಸ್ತಕದ ಹಿಂದೆ ನಾನು ಕಂಡ ಷರಾ: 'ಅಪ್ಪ ಎಲ್ಲಿ ಹೋದ? ಲೇಖಕಿ ಮರೆತಿದ್ದಾರೆ.' ಇನ್ನೊಂದರ ಹಿಂದೆ: 'ಪರೀಕ್ಷೆ ನಾಳೆ ಅಂದಳು. ಮೂರು ಅಧ್ಯಾಯ ಕಳೆದರೂ ನಾಳೆ ಬಂದಿಲ್ಲ.' ಮತ್ತೊಂದರ ಹಿಂದೆ ಬರೀ 'ಭಾಷಣ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಕೊನೆಯ ಹಾಳೆ ಖಾಲಿಯಾಗಿಯೇ ಉಳಿದರೆ ಆ ಪುಸ್ತಕ ಪಾಸು. ಅಂಥವು ಅವಳ ಕಪಾಟಿನ ಮೇಲಿನ ಅಂಕಣದಲ್ಲಿವೆ; ಉಳಿದವು ಮಂಚದ ಕೆಳಗೆ.

ಅವಳು ಓದುವುದು 'ಯಂಗ್ ಅಡಲ್ಟ್' ಕಾದಂಬರಿಗಳನ್ನು. ಗೆಳತಿಯರ ನಡುವೆ ಬರೀ 'ವೈಎ'. ಇದು ಹೆಚ್ಚೂಕಡಿಮೆ ಹನ್ನೆರಡರಿಂದ ಹದಿನೆಂಟರವರಿಗೆಂದು ಬರೆದ ಸಾಹಿತ್ಯ. ಇದರ ವಂಶವೃಕ್ಷ ಬಿಡಿಸುವವರು ಸಾಮಾನ್ಯವಾಗಿ 1967ರಲ್ಲಿ ಬಂದ 'ದಿ ಔಟ್‌ಸೈಡರ್ಸ್' ಕಾದಂಬರಿಯ ಹತ್ತಿರ ನಿಲ್ಲುತ್ತಾರೆ. ಅದನ್ನು ಬರೆದ ಎಸ್.ಇ. ಹಿಂಟನ್ ಓಕ್ಲಹೋಮಾದ ಟಲ್ಸಾ ಊರಿನ ಹೈಸ್ಕೂಲು ಹುಡುಗಿ. ತನ್ನ ವಯಸ್ಸಿನವರ ಬಗ್ಗೆ ದೊಡ್ಡವರು ಬರೆದದ್ದರಲ್ಲಿ ನಿಜ ಕಾಣದೆ ಹದಿನೈದಕ್ಕೇ ಬರೆಯಲು ಕೂತಳು, ಹದಿನೆಂಟಕ್ಕೆ ಪುಸ್ತಕ ಹೊರಬಂತು. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ಹೆಸರಿನ ಬದಲು ಇನಿಷಿಯಲ್ ಹಾಕಿಸಿದರು. ಈ ಸಂಗತಿಯನ್ನು ನಾನು ಹೇಳಿದಾಗ ನಮ್ಮ ವಿಮರ್ಶಕಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮತ್ತೆ? ನಮ್ಮ ವಿಷ್ಯ ನಾವೇ ಬರೀಬೇಕು. ದೊಡ್ಡೋರಿಗೆ ತಮಗೂ ಹದಿನೈದು ವರ್ಷ ಇತ್ತು ಅನ್ನೋದೇ ಮರೆತುಹೋಗಿರುತ್ತೆ, ಮಾಮ," ಎಂದಳು.

ಪುಸ್ತಕ ಅವಳಿಗೆ ಸಿಗುವ ದಾರಿಯೂ ಬೇರೆ. ನಮ್ಮ ದೇಶದಲ್ಲಿ ಟಿಕ್‌ಟಾಕ್ 2020ರ ಜೂನ್‌ನಲ್ಲೇ ಬಂದ್ ಆಯಿತು. ಆದರೂ ಇನ್‌ಸ್ಟಾಗ್ರಾಮಿನ ರೀಲುಗಳಲ್ಲಿ ಯಾರೋ ಹುಡುಗಿ ಪುಸ್ತಕ ಎದೆಗವಚಿಕೊಂಡು ಗಳಗಳ ಅಳುತ್ತಾಳೆ. ಕೆಳಗೆ ಹೆಸರು ಬರುತ್ತದೆ. ಇವಳು ಹೆಸರನ್ನು ಬರೆದಿಟ್ಟುಕೊಳ್ಳುತ್ತಾಳೆ, ಅಳುವನ್ನು ನಂಬುವುದಿಲ್ಲ. ಬೆಂಗಳೂರಿಗೆ ಬಂದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ಹಳೆಯ ಪ್ರತಿಗಳ ನಡುವೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಡುತ್ತಾಳೆ. ಅಂಗಡಿಯವರಿಗೂ ಇಂಥ ಗಿರಾಕಿಗಳು ಹೊಸಬರಲ್ಲ, ದಾಟಿಕೊಂಡು ಓಡಾಡುತ್ತಾರೆ.

ನಮ್ಮ ಕಾಲದಲ್ಲಿ ಈ ವಯಸ್ಸಿನವರಿಗೆಂದು ಯಾರೂ ಏನನ್ನೂ ಬರೆಯಲಿಲ್ಲ. ಚಂದಮಾಮ ಮುಗಿಸಿದವರು ನೆಟ್ಟಗೆ ಎನ್. ನರಸಿಂಹಯ್ಯನವರ ಪತ್ತೇದಾರಿಗೆ ಜಿಗಿಯುತ್ತಿದ್ದೆವು. ಅಲ್ಲಿಂದ ಯಂಡಮೂರಿ, ರಾತ್ರಿ ಹಿತ್ತಲಿಗೆ ಹೋಗಲು ಒಬ್ಬರನ್ನೊಬ್ಬರು ಜೊತೆಗೆ ಕರೆಯುವ ಪರಿಸ್ಥಿತಿ. ಹುಡುಗಿಯರ ಕೈಗೆ ತ್ರಿವೇಣಿ, ಎಂ.ಕೆ. ಇಂದಿರಾ. ಬಾಡಿಗೆಗೆ ಪುಸ್ತಕ ಕೊಡುವ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯೇ ನಮ್ಮ ವಿಶ್ವವಿದ್ಯಾಲಯ. ಅಲ್ಲಿ ಕೂತಿರುತ್ತಿದ್ದ ಯಜಮಾನರು ನಮ್ಮ ಮುಖ ನೋಡಿ, "ಇದು ನಿನಗಲ್ಲ, ಮನೇಲಿ ಅಮ್ಮನಿಗೆ ಅಂತ ಬರ್ಕೋತೀನಿ," ಎಂದು ಕೊಟ್ಟುಬಿಡುತ್ತಿದ್ದರು. ಸಮಾಜ ವಿಜ್ಞಾನದ ಪುಸ್ತಕ ಅಗಲದಲ್ಲಿ ದೊಡ್ಡದಾದ್ದರಿಂದ ಅದರ ಮಡಿಲಲ್ಲಿ ಎಂಥ ಕಾದಂಬರಿಯೂ ಅಡಗುತ್ತಿತ್ತು. ಪಠ್ಯಪುಸ್ತಕ ಸಮಿತಿಯವರು ಓದುವ ಹವ್ಯಾಸಕ್ಕೆ ಮಾಡಿದ ಉಪಕಾರಗಳಲ್ಲಿ ಇದೂ ಒಂದು.

ಈಗಿನವರು ಬಚ್ಚಿಡಬೇಕಾಗಿಲ್ಲ. ಕಾರಣ, ಪುಸ್ತಕ ಇಂಗ್ಲಿಷಿನದು. ಹದಿಹರೆಯದ ಮಗಳು ಕನ್ನಡ ಕಾದಂಬರಿ ಹಿಡಿದರೆ 'ಓದೋ ವಯಸ್ಸಲ್ಲಿ ಕಥೆ ಪುಸ್ತಕ ಯಾಕೆ' ಎನ್ನುವ ನಮ್ಮ ಭಾವ, ಅದೇ ಮಗಳು ಮುನ್ನೂರು ಪುಟದ ಇಂಗ್ಲಿಷ್ ಕಾದಂಬರಿ ಹಿಡಿದರೆ 'ವೊಕ್ಯಾಬುಲರಿ ಇಂಪ್ರೂವ್ ಆಗುತ್ತೆ' ಎಂದು ತಾವೇ ದುಡ್ಡು ಕೊಡುತ್ತಾರೆ. ಆ ಮುನ್ನೂರು ಪುಟದಲ್ಲಿ ಎರಡು ಕೊಲೆ, ಒಂದು ಅಪಹರಣ ಮತ್ತು ಸಾಕಷ್ಟು ಮುತ್ತು ಇರುವುದು ಅವರಿಗೆ ಗೊತ್ತಿಲ್ಲ. ಮಗಳೂ ಹೇಳಲು ಹೋಗಿಲ್ಲ.

ಈ ಸಾಹಿತ್ಯದ ಎಲ್ಲದಕ್ಕೂ ಅವಳು ಮರುಳಾಗಿದ್ದಾಳೆಂದು ತಿಳಿಯಬೇಡಿ. 2005ರಲ್ಲಿ ಬಂದು ಒಂದು ತಲೆಮಾರಿನ ನಿದ್ದೆಗೆಡಿಸಿದ ವ್ಯಾಂಪೈರ್ ಪ್ರೇಮಕಥೆ 'ಟ್ವೈಲೈಟ್' ಬಗ್ಗೆ ಅವಳ ತೀರ್ಪು ಕೇಳಿ: "ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ. ನೂರು ದಾಟಿದ ಮುದುಕ ಹೈಸ್ಕೂಲಿಗೆ ಬಂದು ಹದಿನೇಳರ ಹುಡುಗಿ ಮಲಗಿರೋದನ್ನ ರಾತ್ರಿಯೆಲ್ಲ ನೋಡ್ತಾ ಕೂರ್ತಾನೆ. ಇದನ್ನ ಲವ್ ಅಂತಾರೆ. ನಮ್ಮ ಬೀದೀಲಿ ಹೀಗೆ ಮಾಡಿದ್ರೆ ಅಜ್ಜಿ ಪೊಲೀಸ್ ಕರೀತಿದ್ರು." ಇದಕ್ಕೆ ಪ್ರತಿವಾದ ನನಗೆ ಹೊಳೆಯಲಿಲ್ಲ. ಹಾಗೆಯೇ ಇಬ್ಬರು ಹುಡುಗರ ನಡುವೆ ಯಾರನ್ನು ಆರಿಸಲಿ ಎಂದು ಮೂರು ಸಂಪುಟ ಒದ್ದಾಡುವ ಹುಡುಗಿಯರೂ, ತಾನು ಚೆಂದವಿದ್ದೇನೆಂದು ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲದ ಹುಡುಗಿಯರೂ ಅವಳ ಮಂಚದ ಕೆಳಗೇ ಇದ್ದಾರೆ.

ಮೇಲಿನ ಅಂಕಣದಲ್ಲಿ ಮೊದಲ ಸ್ಥಾನ ಸುಝಾನ್ ಕಾಲಿನ್ಸ್‌ಗೆ. 'ದಿ ಹಂಗರ್ ಗೇಮ್ಸ್' ಬಂದದ್ದು 2008ರಲ್ಲಿ. ಇವಳು ಆಗಿನ್ನೂ ಹುಟ್ಟಿರಲಿಲ್ಲ. ಪನೆಮ್ ಎಂಬ ರಾಜ್ಯ. ಹಿಂದೊಮ್ಮೆ ದಂಗೆಯೆದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. ಅವರು ಒಬ್ಬರನ್ನೊಬ್ಬರು ಕೊಲ್ಲಬೇಕು, ಒಬ್ಬರು ಉಳಿಯಬೇಕು, ಅದನ್ನು ಇಡೀ ರಾಜ್ಯ ಟಿ.ವಿ.ಯಲ್ಲಿ ನೋಡಬೇಕು. ಒಂದು ರಾತ್ರಿ ಟಿ.ವಿ. ಚಾನೆಲ್ ತಿರುಗಿಸುತ್ತ, ಒಂದರಲ್ಲಿ ರಿಯಾಲಿಟಿ ಷೋ, ಇನ್ನೊಂದರಲ್ಲಿ ಇರಾಕ್ ಯುದ್ಧ ಕಂಡು, ಎರಡೂ ಕಲಸಿಕೊಂಡಾಗ ಈ ಕಥೆ ಹುಟ್ಟಿತೆಂದು ಕಾಲಿನ್ಸ್ ಹೇಳಿಕೊಂಡಿದ್ದಾರೆ. ಅದೇ ಸರಣಿಗೆ 2025ರ ಮಾರ್ಚ್‌ನಲ್ಲಿ 'ಸನ್‌ರೈಸ್ ಆನ್ ದಿ ರೀಪಿಂಗ್' ಸೇರಿತು. ಮೊದಲ ಪುಸ್ತಕಗಳಲ್ಲಿ ಸದಾ ಕುಡಿದಿರುವ, ನಾಯಕಿಗೆ ಗುರುವಾದ ಹೇಮಿಚ್‌ನ ಹದಿನಾರನೇ ವಯಸ್ಸಿನ ಕಥೆ. ಅದು 50ನೆಯ ಆಟ. ಆ ವರ್ಷ ಮಕ್ಕಳ ಸಂಖ್ಯೆ ಇಮ್ಮಡಿ, 48.

"ಇವನು ಗೆಲ್ತಾನೆ ಅಂತ ಮೊದಲೇ ಗೊತ್ತಲ್ಲ. ಮತ್ತೆ ಓದೋದ್ಯಾಕೆ?" ಎಂದು ಕೆಣಕಿದೆ.

"ಗೆಲ್ತಾನೆ ಅಂತ ಗೊತ್ತಿರೋದೇ ಭಯ, ಮಾಮ. ಗೆದ್ದು ಏನಾದ ಅಂತಲೂ ಗೊತ್ತಲ್ಲ. ಈ ಒಳ್ಳೇ ಹುಡುಗ ಆ ಕುಡುಕ ಹೇಗಾದ ಅಂತ ಒಂದೊಂದೇ ಪುಟ ನೋಡ್ತಾ ಹೋಗ್ಬೇಕು. ಇನ್ನೊಂದು ವಿಷ್ಯ. ಆಟದಲ್ಲಿ ನಡೆದದ್ದು ಒಂದು, ಟಿ.ವಿ.ಯೋರು ಕತ್ತರಿಸಿ ತೋರಿಸಿದ್ದು ಇನ್ನೊಂದು. ಜನ ಅದನ್ನೇ ನಂಬಿದ್ರು. ನಾವೂ ಹಳೇ ಪುಸ್ತಕ ಓದುವಾಗ ಅದನ್ನೇ ನಂಬಿದ್ವಿ. ನಮಗೇ ಟೋಪಿ ಹಾಕಿ ನಮಗೇ ತೋರಿಸ್ತಾರೆ ನೋಡು, ಅದು ಸಖತ್."

ನನಗೆ ಥಟ್ಟನೆ ಅಭಿಮನ್ಯು ನೆನಪಾದ. ಅವನಿಗೂ ಹದಿನಾರೇ ಎನ್ನುತ್ತಾರೆ. ಯಕ್ಷಗಾನದಲ್ಲಿ ಅಭಿಮನ್ಯು ಕಾಳಗದ ಪ್ರಸಂಗಕ್ಕೆ ಕೂರುವ ಯಾವ ಪ್ರೇಕ್ಷಕನಿಗೆ ಅವನು ಸಾಯುತ್ತಾನೆಂದು ಗೊತ್ತಿಲ್ಲ? ಆದರೂ ಪುಂಡುವೇಷದವನು ರಂಗಕ್ಕೆ ನುಗ್ಗಿದಾಗ ನಿದ್ದೆಗಣ್ಣಿನ ಮುದುಕರೂ ನೆಟ್ಟಗೆ ಕೂರುತ್ತಾರೆ. ದೊಡ್ಡವರ ಜಗಳ, ದೊಡ್ಡವರದೇ ವ್ಯೂಹ, ಒಳಗೆ ಹೋಗಲು ಮಾತ್ರ ಹುಡುಗ ಬೇಕು. ಹೊರಗೆ ಬರುವ ದಾರಿಯನ್ನು ಯಾರೂ ಹೇಳಿಕೊಟ್ಟಿಲ್ಲ. ಕಾಲಿನ್ಸ್ ತಮ್ಮ ಕಥೆಗೆ ಗ್ರೀಕರ ಥೀಸಿಯಸ್ಸನನ್ನು ನೆನೆದರು. ನಮ್ಮ ಕಡೆ ಹುಟ್ಟಿದ್ದರೆ ದೂರ ಹೋಗಬೇಕಿರಲಿಲ್ಲ. ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಆದ್ರೆ ಅಭಿಮನ್ಯುಗೆ ಏನನ್ನಿಸ್ತು ಅಂತ ಯಾರೂ ಬರ್ದಿಲ್ವಲ್ಲ. ಅವನ ಅಪ್ಪ ಅಳೋದೇ ಜಾಸ್ತಿ," ಎಂದಳು. ಮಹಾಭಾರತದ ಮೇಲೆ ಬಂದಿರುವ ಟೀಕೆಗಳಲ್ಲಿ ಇದು ತೀರಾ ಹಗುರವಾದದ್ದೇನಲ್ಲ.

ಪತ್ತೇದಾರಿ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಕುಲ. ನನಗೆ ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಾದರೆ, ಅವಳ ಪುರುಷೋತ್ತಮ ಎಂದರೆ ಹಾಲಿ ಜ್ಯಾಕ್ಸನ್ ಬರೆದ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' (2019) ಕಾದಂಬರಿಯ ಪಿಪ್. ಇಂಗ್ಲೆಂಡಿನ ಒಂದು ಸಣ್ಣ ಊರು. ಐದು ವರ್ಷದ ಹಿಂದೆ ಹುಡುಗಿಯೊಬ್ಬಳು ಕಾಣೆಯಾದಳು; ಅವಳ ಗೆಳೆಯ ಸಾಲ್ ಸಿಂಗ್‌ನೇ ಕೊಂದನೆಂದು ಊರು ತೀರ್ಮಾನಿಸಿತು; ಅವನೂ ಸತ್ತ. ಪಿಪ್ ಶಾಲೆಯ ಪ್ರಾಜೆಕ್ಟಿನ ನೆಪದಲ್ಲಿ ಆ ಕಡತವನ್ನು ಮತ್ತೆ ಬಿಚ್ಚುತ್ತಾಳೆ. ಸಾಲ್‌ನ ತಮ್ಮ ರವಿ ಜೊತೆಗೂಡುತ್ತಾನೆ. ಕಾದಂಬರಿಯ ತುಂಬ ಪಿಪ್‌ಳ ಟಿಪ್ಪಣಿ, ಸಂದರ್ಶನದ ದಾಖಲೆ, ಶಂಕಿತರ ಪಟ್ಟಿ. ನಮ್ಮ ಹುಡುಗಿ ಈ ಪಟ್ಟಿಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಂಡು ಒಬ್ಬೊಬ್ಬರನ್ನೇ ಹೊಡೆದುಹಾಕುತ್ತ ಓದಿದಳು. ರವಿಯ ವಿಷಯದಲ್ಲಿ ಅವಳಿಗೆ ವಿಶೇಷ ಸಮಾಧಾನ. "ಇಂಡಿಯನ್ ಅಂದ ತಕ್ಷಣ ಅವನಮ್ಮ ಚಪಾತಿ ಒತ್ತುತ್ತಾ ಅರೇಂಜ್ಡ್ ಮ್ಯಾರೇಜ್ ವಿಷ್ಯ ತೆಗೀತಾರೆ ಅನ್ಕೊಂಡೆ. ಇಲ್ಲ. ಅವನು ಸುಮ್ನೆ ರವಿ."

ಈ ಪುಸ್ತಕದ ಮೇಲೆ ಅವಳಿಗಿರುವ ಸಿಟ್ಟು ಒಂದೇ. ಅಮೆರಿಕದ ಆವೃತ್ತಿಯಲ್ಲಿ ಕಥೆಯನ್ನು ಇಂಗ್ಲೆಂಡಿನಿಂದ ಎತ್ತಿ ಕನೆಕ್ಟಿಕಟ್ ರಾಜ್ಯಕ್ಕೆ ಸಾಗಿಸಿ, ಊರಿನ ಹೆಸರನ್ನೂ ಬದಲಿಸಿದ್ದಾರೆ. ಗೆಳತಿಯ ಹತ್ತಿರ ಇದ್ದದ್ದು ಆ ಪ್ರತಿ. ಒಂದೇ ಕಥೆ ಮಾತಾಡುತ್ತಿದ್ದೇವೆಂದುಕೊಂಡ ಇಬ್ಬರೂ ಊರಿನ ಹೆಸರಿಗೆ ಜಗಳವಾಡಿದ್ದಾರೆ. "ಮೈಸೂರಲ್ಲಿ ಕೂತ್ಕೊಂಡು ನಾವು ಇಂಗ್ಲೆಂಡಿನ ಹಳ್ಳೀನೂ ಅರ್ಥ ಮಾಡ್ಕೋತೀವಿ, ಅಮೆರಿಕದ ಸ್ಕೂಲೂ ಅರ್ಥ ಮಾಡ್ಕೋತೀವಿ. ಅವರಿಗೆ ಒಂದೂರು ಜಾಸ್ತಿ ಅರ್ಥ ಮಾಡ್ಕೊಳೋಕೆ ಏನು ಕಷ್ಟ?" ಎಂದಳು. ನ್ಯಾಯವಾದ ಪ್ರಶ್ನೆ. ಸರಣಿಯ ಮೂರನೇ ಪುಸ್ತಕದಲ್ಲಿ ಪಿಪ್ ಕಾನೂನಿನ ಗೆರೆಯನ್ನೇ ದಾಟುತ್ತಾಳೆ. ಅದು ಸರಿಯೇ ತಪ್ಪೇ ಎಂದು ಇವರ ಗೆಳತಿಯರ ಗುಂಪು ಇಬ್ಭಾಗವಾಗಿ ಟ್ಯೂಷನ್ನಿನಲ್ಲೂ ವಾದ ಮುಂದುವರಿಸಿತಂತೆ. ಸಿವಿಕ್ಸ್ ಪಾಠದಲ್ಲಿ ನ್ಯಾಯಾಂಗದ ಬಗ್ಗೆ ಅಷ್ಟು ಚರ್ಚೆ ನಡೆದದ್ದನ್ನು ನಾನಂತೂ ಕಂಡಿಲ್ಲ.

ಈಗ ನಮ್ಮಮ್ಮ ಪ್ರವೇಶಿಸಿದ ಸಂದರ್ಭಕ್ಕೆ ಬರುತ್ತೇನೆ. ಜಾನ್ ಗ್ರೀನ್ ಬರೆದ 'ಟರ್ಟಲ್ಸ್ ಆಲ್ ದಿ ವೇ ಡೌನ್' (2017) ಓದುತ್ತಿದ್ದ ದಿನಗಳಲ್ಲಿ ಹುಡುಗಿ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅದರ ನಾಯಕಿ ಏಜಾ ಅಮೆರಿಕದ ಇಂಡಿಯಾನಾಪೊಲಿಸ್‌ನ ಹದಿನಾರರ ಹುಡುಗಿ. ಅವಳಿಗೆ ಗೀಳು ಕಾಯಿಲೆ, ವೈದ್ಯರು ಒಸಿಡಿ ಎನ್ನುವುದು. ಬೆರಳಿನ ಒಂದು ಗಾಯವನ್ನು ಮತ್ತೆ ಮತ್ತೆ ಕೆದಕಿ, ತೊಳೆದು, ಪಟ್ಟಿ ಬದಲಿಸುತ್ತಾಳೆ. ಸೋಂಕು ತಗುಲೀತೆಂಬ ಯೋಚನೆ ಸುತ್ತಿ ಸುತ್ತಿ ಒಳಕ್ಕೆ ಎಳೆಯುತ್ತದೆ. ಒಂದು ಹಂತದಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರನ್ನೇ ಕುಡಿಯುತ್ತಾಳೆ. ಕಾಣೆಯಾದ ಕೋಟ್ಯಧಿಪತಿಯೊಬ್ಬನ ಹುಡುಕಾಟವೂ ಕಥೆಯಲ್ಲಿದೆ, ಆದರೆ ಅದು ಬರೀ ನೆಪ. ಜಾನ್ ಗ್ರೀನ್‌ಗೆ ಸ್ವತಃ ಈ ಕಾಯಿಲೆ ಇದ್ದು, ಅದನ್ನವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ.

"ಹುಡುಗ ಸಿಕ್ಕಿದ ತಕ್ಷಣ ಕಾಯಿಲೆ ಹೋಗುತ್ತೆ ಅಂತ ಬರೆದಿದ್ರೆ ಆ ಪುಟದ ನಂಬರ್ ಹಾಕ್ತಿದ್ದೆ," ಎಂದಳು ವಿಮರ್ಶಕಿ. "ಬರ್ದಿಲ್ಲ. ಹುಡುಗ ಒಳ್ಳೇವನು, ಇವಳಿಗೂ ಇಷ್ಟ. ಆದ್ರೂ ಮುತ್ತು ಕೊಟ್ರೆ ಅವನ ಬಾಯಲ್ಲಿರೋ ಬ್ಯಾಕ್ಟೀರಿಯಾ ನೆನಪಾಗುತ್ತೆ. ಫ್ರೆಂಡ್ ಡೇಸಿಗೆ ಇವಳನ್ನ ಕಂಡ್ರೆ ಪ್ರೀತಿ, ಆದ್ರೆ ಸುಸ್ತೂ ಆಗಿದೆ. ಇವಳ ಥರಾನೇ ಇರೋ ಒಂದು ಇರಿಟೇಟಿಂಗ್ ಕ್ಯಾರೆಕ್ಟರ್ ಮಾಡಿ ಕಥೆಗಳಲ್ಲಿ ಹಾಕ್ತಾ ಇರ್ತಾಳೆ. ಕಾಯಿಲೆ ಇರೋರ ಮೇಲೆ ಫ್ರೆಂಡ್ಸ್‌ಗೆ ಸಿಟ್ಟೂ ಬರುತ್ತೆ ಅಂತ ಯಾರೂ ಬರೆಯಲ್ಲ, ಮಾಮ. ಇವರು ಬರ್ದಿದಾರೆ."

ಹೂಕೋಸು ಬಿಡಿಸುತ್ತ ಕೂತಿದ್ದ ನಮ್ಮಮ್ಮ ಚಾಕು ಕೆಳಗಿಟ್ಟು, "ನಮ್ಮ ಶರಪಂಜರದ ಕಾವೇರಿ ಹಾಗೆ," ಎಂದರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರ ಕಾದಂಬರಿ ಅದು. ಪುಟ್ಟಣ್ಣ ಕಣಗಾಲರು 1971ರಲ್ಲಿ ಸಿನಿಮಾ ಮಾಡಿದ ಮೇಲೆ ಕಾವೇರಿ ಎಂದರೆ ಕಲ್ಪನಾ ಮುಖವೇ ಕಣ್ಮುಂದೆ ಬರುವುದು. ಹೆರಿಗೆಯ ನಂತರ ಬುದ್ಧಿ ಕೆಟ್ಟ ಕಾವೇರಿಯ ಕಥೆಯನ್ನು ಅಮ್ಮ ಮೊಮ್ಮಗಳಿಗೆ ಆದಿಯಿಂದ ಅಂತ್ಯದವರೆಗೆ ಹೇಳಿದರು. ಹೇಳಿ ಕೊನೆಗೆ, "ಅವಳಿಗೆ ಆಸ್ಪತ್ರೇಲಿ ವಾಸಿಯಾಯ್ತು ಕಣೇ. ಮನೇಲಿ ಆಗ್ಲಿಲ್ಲ," ಎಂದರು. ಹುಡುಗಿ ಸುಮ್ಮನಾದಳು. ಆಮೇಲೆ, "ಅಜ್ಜಿ, ಆ ಬುಕ್ ಇದೆಯಾ?" ಎಂದು ಕೇಳಿದಳು. ಹತ್ತಾರು ವರ್ಷ ಕನ್ನಡ ಓದು ಎಂದು ಮನೆಮಂದಿಯೆಲ್ಲ ಉಪದೇಶಿಸಿ ಸಾಧಿಸಲಾಗದ್ದನ್ನು ಇಂಡಿಯಾನಾಪೊಲಿಸ್‌ನ ಒಬ್ಬ ಹುಡುಗಿ ಸಾಧಿಸಿದಳು.

ಆಂಜಿ ಥಾಮಸ್ ಬರೆದ 'ದಿ ಹೇಟ್ ಯು ಗಿವ್' (2017) ಬಗ್ಗೆ ಅವಳು ಹೆಚ್ಚು ಮಾತಾಡುವುದಿಲ್ಲ. ಆದರೆ ಅದನ್ನು ಎರವಲು ಕೊಡುವುದೂ ಇಲ್ಲ. ಹದಿನಾರರ ಕಪ್ಪು ಹುಡುಗಿ ಸ್ಟಾರ್. ಕಣ್ಣೆದುರೇ ಬಾಲ್ಯದ ಗೆಳೆಯನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಲ್ಲುತ್ತಾನೆ. ಸಾಕ್ಷಿ ಇವಳೊಬ್ಬಳೇ. ಅಮೆರಿಕದ ಹಲವು ಕಡೆ ಈ ಪುಸ್ತಕವನ್ನು ಶಾಲೆಗಳಿಂದ ತೆಗೆಸಬೇಕೆಂದು ದೊಡ್ಡವರು ಪಟ್ಟು ಹಿಡಿದಿದ್ದಾರೆ. ನಮ್ಮ ಹುಡುಗಿಗೆ ಅದರಲ್ಲಿ ನಾಟಿದ್ದು ಎರಡು ವಿಷಯ. ಸ್ಟಾರ್ ತನ್ನ ಕೇರಿಯಲ್ಲಿ ಒಂದು ರೀತಿ ಮಾತಾಡುತ್ತಾಳೆ, ಶ್ರೀಮಂತ ಬಿಳಿಯರ ಶಾಲೆಯಲ್ಲಿ ಇನ್ನೊಂದು ರೀತಿ. ಅಲ್ಲಿ ತನ್ನ ಕೇರಿಯ ಒಂದು ಮಾತೂ ಬಾಯಿತಪ್ಪಿ ಬರದಂತೆ ಕಾಯುತ್ತಿರುತ್ತಾಳೆ. "ಸ್ಕೂಲಲ್ಲಿ ಅಮ್ಮ ಫೋನ್ ಮಾಡಿದ್ರೆ ನಾನೂ ಹಾಗೇ ಮೆಲ್ಲಗೆ ಮಾತಾಡ್ತೀನಿ," ಎಂದಳು. ಎರಡನೆಯದು ಸ್ಟಾರ್‌ಳ ಅಪ್ಪ ಅಮ್ಮ. ಈ ಜಾತಿಯ ಕಾದಂಬರಿಗಳಲ್ಲಿ ಹೆತ್ತವರು ಒಂದೋ ಸತ್ತಿರುತ್ತಾರೆ, ಇಲ್ಲವೇ ಯಾವಾಗಲೂ ಕೆಲಸದ ಮೇಲೆ ಊರಾಚೆ ಇರುತ್ತಾರೆ. ಕಥೆ ನಡೆಯಬೇಕಾದರೆ ಅವರು ಅಡ್ಡ ಬರಬಾರದಲ್ಲ! ನಮ್ಮ ಮಕ್ಕಳ ಕಥೆಗಳಲ್ಲಿ ಇದೇ ಕೆಲಸಕ್ಕೆ ಮಲತಾಯಿಯನ್ನು ಇಟ್ಟುಕೊಂಡಿದ್ದೆವು. ಸ್ಟಾರ್‌ಳ ಮನೆಯಲ್ಲಿ ಹಾಗಲ್ಲ. ಅಪ್ಪ ಕಿರಾಣಿ ಅಂಗಡಿ ನಡೆಸುತ್ತಾನೆ, ಅಮ್ಮ ನರ್ಸು, ಇಬ್ಬರೂ ಜಗಳವಾಡುತ್ತಾರೆ, ನಗುತ್ತಾರೆ, ಮಗಳ ಬೆನ್ನಿಗೆ ನಿಲ್ಲುತ್ತಾರೆ.

ಕವಿತೆ ಎಂದರೆ ಅವಳಿಗೆ ಕಂಠಪಾಠದ ಎಂಟು ಸಾಲು, ನಾಲ್ಕು ಅಂಕ. ಅಂಥವಳು ಜೇಸನ್ ರೆನಾಲ್ಡ್ಸ್ ಪದ್ಯದಲ್ಲೇ ಬರೆದ 'ಲಾಂಗ್ ವೇ ಡೌನ್' (2017) ಕಾದಂಬರಿಯನ್ನು ಕೂತ ಕಡೆಯೇ ಮುಗಿಸಿದಳು. ಅಣ್ಣನ ಕೊಲೆಗೆ ಸೇಡು ತೀರಿಸಲು ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ಹದಿನೈದರ ಹುಡುಗ ಲಿಫ್ಟ್ ಹತ್ತುತ್ತಾನೆ. ಕೆಳಗಿಳಿಯಲು ಬೇಕಾಗುವ ಒಂದು ನಿಮಿಷವೇ ಇಡೀ ಕಾದಂಬರಿ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದಾಗ ಬಂದೂಕಿನಿಂದ ಸತ್ತ ಒಬ್ಬೊಬ್ಬರು ಒಳಗೆ ಬಂದು ನಿಲ್ಲುತ್ತಾರೆ. ಕೊನೆಗೆ ಹುಡುಗ ಸೇಡು ತೀರಿಸಿದನೋ ಬಿಟ್ಟನೋ, ರೆನಾಲ್ಡ್ಸ್ ಹೇಳುವುದಿಲ್ಲ. ನನ್ನಂಥವರಿಗೆ ಇಂಥ ಕೊನೆ ಕಂಡರೆ ಪುಟ ಹರಿದುಹೋಗಿದೆಯೇ ಎಂದು ಅನುಮಾನ. ಅವಳಿಗೆ ಮಾತ್ರ ಅದೇ ಸರಿ. "ಹೇಳಿಬಿಟ್ಟಿದ್ರೆ ಪಾಠ ಆಗ್ತಿತ್ತು," ಎಂದಳು.

ಅಲಿಸ್ ಓಸ್ಮನ್ ಬರೆದು ಚಿತ್ರಿಸಿದ 'ಹಾರ್ಟ್‌ಸ್ಟಾಪರ್' ಸಂಪುಟಗಳ ಬಗ್ಗೆ ಮನೆಯಲ್ಲಿ ಸಣ್ಣ ಗುಸುಗುಸು ನಡೆಯಿತು. ಶಾಲೆಯ ಇಬ್ಬರು ಹುಡುಗರು ಪರಸ್ಪರ ಪ್ರೀತಿಸುವ ಕಥೆ. ಅಕ್ಕ ಒಂದು ಸಂಪುಟ ತಿರುವಿ ನೋಡಿ, ಏನು ಹೇಳಬೇಕೆಂದು ತಿಳಿಯದೆ ನನ್ನ ಕಡೆ ನೋಡಿದಳು. ಮಗಳೇ ಮಾತಾಡಿದಳು: "ಅಮ್ಮ, ಇದರಲ್ಲಿ ಕೆಟ್ಟದ್ದು ಏನೂ ಆಗಲ್ಲ. 'ನಾನು ಹೀಗೆ' ಅಂತ ಒಬ್ಬ ಮನೇಲಿ ಹೇಳೋಕೆ ಎಷ್ಟು ಹೆದರ್ತಾನೆ ಅನ್ನೋದೇ ಕಥೆ. ಓದಿ ನೋಡು." ಅಕ್ಕ ಓದಿದಳು. ಮುಂದಿನ ಸಂಪುಟ ಎಲ್ಲಿ ಎಂದು ಕೇಳಿದಳು. ಗುಸುಗುಸು ಅಲ್ಲಿಗೆ ನಿಂತಿತು.

ಭಾರತದ ಲೇಖಕರ ಪುಸ್ತಕಗಳಿಗೆ ಅವಳ ಪೆನ್ಸಿಲು ಇನ್ನೂ ಚೂಪು. ಪರದೇಶದ ಶಾಲೆಯ ಬಗ್ಗೆ ಏನು ಬರೆದರೂ ಇರಬಹುದು ಎನ್ನಬಹುದು, ನಮ್ಮ ಶಾಲೆಯ ಬಗ್ಗೆ ಸುಳ್ಳು ಬರೆದರೆ ಸಿಕ್ಕಿಬೀಳುತ್ತಾರೆ. ಈ ಪರೀಕ್ಷೆಯಲ್ಲಿ ಪಾಸಾದದ್ದು ಮಾತಂಗಿ ಸುಬ್ರಮಣಿಯನ್ ಬರೆದ 'ಡಿಯರ್ ಮಿಸೆಸ್ ನಾಯ್ಡು' (2015). ಕಥೆ ನಡೆಯುವುದು ಬೆಂಗಳೂರಿನಲ್ಲೇ. ಕೊಳೆಗೇರಿಯಲ್ಲಿರುವ ಹುಡುಗಿ ಸರೋಜಿನಿ. ಜೀವದ ಗೆಳೆಯ ಅಮೀರ್ ಖಾಸಗಿ ಶಾಲೆಗೆ ಹೋಗಿಬಿಟ್ಟಿದ್ದಾನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಶೇ. 25ರಷ್ಟು ಸೀಟುಗಳನ್ನು ಬಡ ಮಕ್ಕಳಿಗೆ ಕೊಡಬೇಕೆಂದು ಗೊತ್ತಾಗಿ ಇವಳೂ ಅತ್ತ ಹೊರಡಲು ನೋಡುತ್ತಾಳೆ. ತನ್ನ ಕಷ್ಟಗಳನ್ನೆಲ್ಲ, ಎಂದೋ ತೀರಿಹೋದ ಸರೋಜಿನಿ ನಾಯ್ಡು ಅವರಿಗೆ ಪತ್ರಗಳಲ್ಲಿ ಬರೆಯುತ್ತಾಳೆ. ಬರೆಯುತ್ತ ಬರೆಯುತ್ತ, ತಾನು ಆ ಶಾಲೆಗೆ ಹೋಗುವ ಬದಲು ತನ್ನ ಸರ್ಕಾರಿ ಶಾಲೆಯೇ ಯಾಕೆ ಸುಧಾರಿಸಬಾರದು ಎಂಬಲ್ಲಿಗೆ ಬರುತ್ತಾಳೆ. ಸಿದ್ಧಾರ್ಥ ಶರ್ಮರ 'ಇಯರ್ ಆಫ್ ದಿ ವೀಡ್ಸ್' (2018) ಕೂಡ ಮೇಲಿನ ಅಂಕಣದಲ್ಲಿದೆ. ಒಡಿಶಾದ ಗೊಂಡ ಹುಡುಗ ಕೊರೊಕ್. ಅವನ ಜನರ ಬೆಟ್ಟದ ಮೇಲೆ ಗಣಿ ಕಂಪನಿಯ ಕಣ್ಣು. ಬಾಕ್ಸೈಟ್ ಗಣಿ ಬೇಡವೆಂದು 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಒಂದೇ ದನಿಯಲ್ಲಿ ಹೇಳಿದ ನಿಯಮಗಿರಿ ನೆನಪಾಗದೆ ಇರದು. ಇವಳಿಗೆ ಹಿಡಿಸಿದ್ದು ಹೋರಾಟಕ್ಕಿಂತ ಕೊರೊಕ್‌ನ ತೋಟಗಾರಿಕೆ. ಕಳೆ ಕೀಳುವುದನ್ನು ಗೊತ್ತಿದ್ದವರೇ ಬರೆದಿದ್ದಾರೆ ಎಂದಳು.

ಇಷ್ಟು ಕೇಳಿದ ಮೇಲೆ ಕನ್ನಡದ ಮಾತು ಬಾರದೆ ಇರುತ್ತದೆಯೇ? ಅವಳಿಗೆಂದು ಕನ್ನಡ ಕಾದಂಬರಿ ಹುಡುಕಲು ಮೈಸೂರಿನ ಪುಸ್ತಕದಂಗಡಿಗಳನ್ನು ಸುತ್ತಿದೆ. 'ಮಕ್ಕಳ ಸಾಹಿತ್ಯ' ಎಂಬ ಕಪಾಟಿದೆ: ಪಂಚತಂತ್ರ, ತೆನಾಲಿ ರಾಮ, ಅಕ್ಬರ್ ಬೀರಬಲ್, ಮಹಾಪುರುಷರ ಬಾಲ್ಯ. ಅದರ ಪಕ್ಕದ್ದು 'ಕಾದಂಬರಿ'. ಮೊದಲನೆಯದರಲ್ಲಿ ಹುಡುಗನಿಗೆ ಹತ್ತು ವರ್ಷ, ಎರಡನೆಯದರಲ್ಲಿ ಅವನಿಗೆ ಮದುವೆಯಾಗಿ ಅಸ್ತಿತ್ವದ ಪ್ರಶ್ನೆ ಕಾಡುತ್ತಿದೆ. ನಡುವಿನ ಹೈಸ್ಕೂಲು, ಪಿಯುಸಿ, ಮೊಡವೆ, ಟ್ಯೂಷನ್, ಮೊದಲ ಮೊಬೈಲು, ಜಾತಿ ಕೇಳುವ ಗೆಳತಿಯ ತಾಯಿ, ನೀಟ್ ಪರೀಕ್ಷೆ, ರಿಸಲ್ಟಿನ ದಿನ, ಇವೆಲ್ಲ ಎಲ್ಲಿ ಹೋದವು? ಅನಂತಮೂರ್ತಿಯವರ 'ಘಟಶ್ರಾದ್ಧ'ದಂಥ ಕಥೆಯಲ್ಲಿ ಹುಡುಗನ ಕಣ್ಣಿದೆ. ಆದರೆ ಆ ಕಣ್ಣು ದೊಡ್ಡವರಿಗಾಗಿ ತೆರೆದದ್ದು.

ಹಾಗೆಂದು ಏನೂ ಇಲ್ಲವೆನ್ನುವಂತಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2011ರಲ್ಲಿ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ ಬಂತು, 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ. ಒಳ್ಳೆಯ ಬರಹಗಾರರಿದ್ದಾರೆ. ಆದರೆ ಪ್ರಶಸ್ತಿಯ ಹೆಸರಲ್ಲೇ 'ಬಾಲ' ಇದೆ. ಹದಿನೈದರವರನ್ನು ಬಾಲ ಎಂದು ಕರೆದು ನೋಡಿ, ಆಮೇಲೆ ಆಗುವುದಕ್ಕೆ ನಾನು ಹೊಣೆಯಲ್ಲ.

ಕೊನೆಗೆ ತೇಜಸ್ವಿಯವರ 'ಕರ್ವಾಲೊ' ಕೊಟ್ಟೆ. 1980ರ ಪುಸ್ತಕ. ಒತ್ತಕ್ಷರಗಳಿಗೆ ಮುಗ್ಗರಿಸುತ್ತ ನಿಧಾನವಾಗಿಯೇ ಓದಿದಳು. ಮಂದಣ್ಣ ಬಂದ ಮೇಲೆ ವೇಗ ಹೆಚ್ಚಿತು. ಕಿವಿ ಎಂಬ ನಾಯಿಯನ್ನು ತನ್ನದೇ ಎಂಬಂತೆ ಹಚ್ಚಿಕೊಂಡಳು. ಬಿರ್ಯಾನಿ ಕರಿಯಪ್ಪನ ಹೆಸರು ಕೇಳಿಯೇ ಬಿದ್ದು ಬಿದ್ದು ನಕ್ಕಳು. ಹಾರುವ ಓತಿಯ ಹಿಂದೆ ಕಾಡು ಹತ್ತುವಾಗ ಮಧ್ಯರಾತ್ರಿ ದಾಟಿತ್ತು. ಬೆಳಿಗ್ಗೆ ಕೊನೆಯ ಹಾಳೆ ತಿರುವಿ ನೋಡಿದೆ; ಖಾಲಿ ಇತ್ತು. ಯಾಕೆ ಹಿಡಿಸಿತು ಎಂದು ಕೇಳಿದ್ದಕ್ಕೆ, "ಮಂದಣ್ಣನ್ನ ಯಾರೂ ಉದ್ಧಾರ ಮಾಡಕ್ಕೆ ಹೋಗಲ್ಲ. ಸೈಂಟಿಸ್ಟೇ ಅವನ ಹಿಂದೆ ಹೋಗ್ತಾರೆ," ಎಂದಳು. ಕರ್ವಾಲೊ ಬಗ್ಗೆ ಬಂದಿರುವ ದಪ್ಪ ದಪ್ಪ ಲೇಖನಗಳನ್ನು ಓದಿದ್ದೇನೆ. ಇಷ್ಟು ಚಿಕ್ಕದಾಗಿ ಇಷ್ಟು ಸರಿಯಾಗಿ ಹೇಳಿದ್ದನ್ನು ಕಂಡ ನೆನಪಿಲ್ಲ. ತೇಜಸ್ವಿ ಅದನ್ನು ಹದಿಹರೆಯದವರಿಗೆಂದು ಬರೆಯಲಿಲ್ಲ. ಯಾರನ್ನೂ ಕೆಳಗೆ ಕೂರಿಸಿಕೊಂಡು ಬರೆಯಲಿಲ್ಲ, ಅಷ್ಟೇ. ಹದಿನೈದರವರಿಗೆ ಬೇಕಾದದ್ದೂ ಅಷ್ಟೇ.

ಅವಳ ಮಾತುಗಳನ್ನೆಲ್ಲ ಸೋಸಿದರೆ ನನಗೆ ಸಿಕ್ಕುವುದು ಇದು. ಪುಸ್ತಕ ಇಂಥದ್ದೇ ವಿಷಯದ ಬಗ್ಗೆ ಇರಬೇಕೆಂಬ ಹಟ ಅವಳಿಗಿಲ್ಲ. ಕೊಲೆಯಿರಲಿ, ಕಾಯಿಲೆಯಿರಲಿ, ಓತಿಕ್ಯಾತವಿರಲಿ, ತಡೆದುಕೊಳ್ಳುತ್ತಾಳೆ. ದುಃಖದ ಕೊನೆಗೂ ಹೆದರುವುದಿಲ್ಲ. ಅವಳು ಸಹಿಸದೇ ಇರುವುದು ತನ್ನನ್ನು ಪುಸಲಾಯಿಸುವುದನ್ನು. ಈ ಕಥೆಯಿಂದ ನೀನು ಏನು ಕಲಿತೆ ಎಂದು ಕೇಳಿದರೆ ಪುಸ್ತಕ ಮುಚ್ಚಿ ಎದ್ದುಹೋಗುತ್ತಾಳೆ. ಹಾಗಾಗಿ ಮನೆಯಲ್ಲಿ ಈ ವಯಸ್ಸಿನವರಿರುವ ಓದುಗರಲ್ಲಿ ನನ್ನದೊಂದು ವಿನಂತಿ: ಅವರು ಏನು ಓದುತ್ತಿದ್ದಾರೆಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ. ಕನ್ನಡದ ಕಾದಂಬರಿಕಾರರಲ್ಲಿ ಇನ್ನೊಂದು: ಪಿಯುಸಿಯ ಹುಡುಗ ಹುಡುಗಿಯರ ಮೇಲೆ ಬರೆಯಿರಿ, ಬರೆದ ಮೇಲೆ ಹಿರಿಯರ ಮುನ್ನುಡಿಗೆ ಕಳಿಸುವ ಮೊದಲು ಹಸ್ತಪ್ರತಿಯನ್ನು ಹದಿನೈದರವರೊಬ್ಬರಿಗೆ ಓದಲು ಕೊಡಿ. ಪೆನ್ಸಿಲು ಅವರೇ ತರುತ್ತಾರೆ.